ಹ್ಯಾಂಡ್‌ಬಿಲ್ಲಿಗೆ ದುಡ್ಡು ಹಾಕುವ ಮೊದಲು

ಎಲ್ಲರಿಗೂ ವಂದನೆ. ಮಗಾ, ಇದು ನಿನಗೇ ಹೇಳುವುದು, ಉಳಿದವರೂ ಕೇಳಿ. ಇಷ್ಟುದ್ದ ಟೈಪ್ ಮಾಡಲಿಕ್ಕೆ ನನ್ನಿಂದಾಗುವುದಿಲ್ಲ, ಅದಕ್ಕೆ ವಾಯ್ಸ್ ಹಾಕುವುದು. ನಡುವೆ ರೈಲು ಹೋದರೆ ಬೇಸರ ಮಾಡಬೇಡಿ, ಮಂಜೇಶ್ವರದ ನಮ್ಮ ಮನೆ ಎಲ್ಲಿ ಉಂಟೂಂತ ನಿಮಗೆ ಗೊತ್ತುಂಟಲ್ಲ.

ನಿನ್ನೆ ನೀನು ಗ್ರೂಪಿನಲ್ಲಿ ಬರೆದದ್ದು ಓದಿದೆ. ಯೇಸುಸ್ವಾಮಿಯ ಸುವಾರ್ತೆಯ ಸಾವಿರ ಹ್ಯಾಂಡ್‌ಬಿಲ್ ಪ್ರಿಂಟ್ ಮಾಡಿಸಿ ಕ್ರಿಸ್ಮಸ್‌ಗೆ ಮೊದಲು ಉಪ್ಪಳ, ಕುಂಬಳೆ ಪೇಟೆಯಲ್ಲಿ ಹಂಚುವ, ಮನೆಗೆ ಐನೂರು ಹಾಕಿ ಅಂತ. ದೊಡ್ಡಣ್ಣ ಕೂಡಲೇ ಹೆಬ್ಬೆರಳು ಎತ್ತಿ ಆಯಿತು. ಹಂಚುವುದಕ್ಕೆ ನನ್ನ ತಕರಾರಿಲ್ಲ, ಸಂವಿಧಾನದ 25ನೇ ವಿಧಿಯಲ್ಲಿ ಆ ಹಕ್ಕು ಉಂಟು. ಆದರೆ ಕೊನೆಗೊಂದು ಸಾಲು ಬರೆದಿದ್ದಿ ನೋಡು, "ನೆರೆಯವರ ಜೊತೆ ಚೆನ್ನಾಗಿದ್ದರೆ ಸಾಲದು, ಅದು ಸುವಾರ್ತೆ ಆಗುವುದಿಲ್ಲ" ಅಂತ. ಅದು ಚುಚ್ಚಿತು ಮಾರಾಯ. ಯಾಕೆಂದರೆ ಹಂಚಿ ನಾಚಿಕೆಪಟ್ಟವಳು ನಾನು.

ನಾನು ಶಾಲೆಗೆ ಟೀಚರಾಗಿ ಸೇರಿದ ಹೊಸತು. ಪಕ್ಕದ್ದು ಬ್ಯಾರಿಗಳ ಮನೆ, ನಮ್ಮ ಕರಾವಳಿಯ ಮುಸ್ಲಿಮರು. ಕ್ರಿಸ್ಮಸ್‌ಗೆ ನೆವ್ರಿ, ಚಕ್ಕುಲಿ, ಕಲ್‌ಕಲ್ ಎಲ್ಲ ತಟ್ಟೆಯಲ್ಲಿಟ್ಟು, ಅಡಿಯಲ್ಲಿ ಒಂದು ಹ್ಯಾಂಡ್‌ಬಿಲ್ ಇಟ್ಟು, ಮೇಲೆ ಕೈವಸ್ತ್ರ ಮುಚ್ಚಿ ಕೊಟ್ಟು ಬಂದೆ. ದೊಡ್ಡ ಸೇವೆ ಮಾಡಿದ ಹಾಗೆ! ಮರುದಿನ ಆ ಮನೆಯ ಉಮ್ಮ ತಟ್ಟೆ ತೊಳೆದು, ಅದರ ತುಂಬ ಪತ್ತಿರ್, ಅವರ ಅಕ್ಕಿರೊಟ್ಟಿ, ಹಾಕಿ ತಂದರು. ಹ್ಯಾಂಡ್‌ಬಿಲ್‌ನ್ನೂ ತಂದಿದ್ದರು. ಒಂದು ಮಡಿಕೆ ಬಿದ್ದಿರಲಿಲ್ಲ, ಎಣ್ಣೆ ತಾಗದ ಹಾಗೆ ಬೇರೆ ಕೈಯಲ್ಲಿ ಹಿಡಿದಿದ್ದರು. "ಟೀಚರೇ, ನಿಮ್ಮದೊಂದು ಕಾಗದ ತಪ್ಪಿ ಬಂದಿದೆ" ಅಂದರು. ತಪ್ಪಿ ಬಂದದ್ದಲ್ಲ ಅಂತ ಅವರಿಗೂ ಗೊತ್ತು. ನನ್ನ ಮರ್ಯಾದೆ ಉಳಿಸಿದ್ದು ಅಷ್ಟೆ. ತಿಂಡಿ ಕೊಟ್ಟು ಜೊತೆಗೇ ಬಿಲ್ ಕೊಟ್ಟ ಹಾಗಾಯಿತಲ್ಲ ಅಂತ ಆ ರಾತ್ರಿ ನಿದ್ರೆ ಬರಲಿಲ್ಲ.

ಆಮೇಲೆ ಎಷ್ಟೋ ವರ್ಷ ಆ ಮನೆಗೂ ನಮಗೂ ಇದ್ದದ್ದು ಹಲಸಿನ ಎಲೆ ಯಾರ ಅಂಗಳಕ್ಕೆ ಬಿತ್ತು ಎಂಬಷ್ಟೇ ಮಾತು. 2020ರ ಕೊರೋನ ಬಂತು. ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದ್ದು, ರಸ್ತೆಗೆ ಮಣ್ಣು ಸುರಿದದ್ದು ನಿಮಗೆಲ್ಲ ನೆನಪಿರಬೇಕು. ಇಲ್ಲಿನವರಿಗೆ ಆಸ್ಪತ್ರೆ ಅಂದರೆ ಮಂಗಳೂರು, ನಿಮ್ಮ ದೊಡ್ಡಪ್ಪನ ಹೃದಯದ ಮಾತ್ರೆಯೂ ಅಲ್ಲಿಂದಲೇ. ಡಬ್ಬದಲ್ಲಿ ನಾಲ್ಕೇ ಮಾತ್ರೆ ಉಳಿದಿತ್ತು. ಆ ಉಮ್ಮನ ಮೊಮ್ಮಗ ಹೇಗೋ ಸುದ್ದಿ ತಿಳಿದು ಗೇಟಿನ ಹೊರಗೆ ನಿಂತು ಚೀಟಿಯ ಫೋಟೋ ತೆಗೆದುಕೊಂಡು ಹೋದ. ಅವರ ಉಪವಾಸದ ತಿಂಗಳು, ಗಂಟಲಿಗೆ ಒಂದು ಹನಿ ನೀರಿಲ್ಲ. ಕುಂಬಳೆಗೆ ಹೋಗಿ, ಅಲ್ಲಿ ಸಿಗದೆ ಮುಂದಕ್ಕೆ ಹೋಗಿ, ದಾರಿಯಲ್ಲಿ ಎರಡು ಕಡೆ ಪೊಲೀಸರಿಗೆ ಉತ್ತರ ಕೊಟ್ಟು ಸಂಜೆ ಬಂದ. ಹತ್ತಿರ ಬರುವ ಹಾಗಿಲ್ಲವಲ್ಲ. ಕಾಂಪೌಂಡ್ ಗೋಡೆಯ ಮೇಲೆ ಚೀಲ ಇಟ್ಟ, ಬಿಲ್ಲು ಮಡಚಿ ಅದರೊಳಗೆ ಏಳು ರೂಪಾಯಿ ಚಿಲ್ಲರೆ, ಗಾಳಿಗೆ ಹಾರದ ಹಾಗೆ ಮೇಲೊಂದು ಕಲ್ಲು. ಆ ಏಳು ರೂಪಾಯಿ ಲೆಕ್ಕ ನನಗೆ ಇವತ್ತಿಗೂ ಮರೆತಿಲ್ಲ.

ಅಲ್ಲಿಯವರೆಗೆ ಬೈಬಲಿನ ಲೂಕ 10ನ್ನು, ಯೆರಿಕೋ ದಾರಿಯಲ್ಲಿ ಕಳ್ಳರು ಹೊಡೆದು ಬಿಟ್ಟುಹೋದವನನ್ನು ಸಮಾರ್ಯದವನೊಬ್ಬ ಕಾಪಾಡಿದ ಕಥೆಯನ್ನು, ಓದುವಾಗೆಲ್ಲ ಸಮಾರ್ಯದವನ ಜಾಗದಲ್ಲಿ ನಾನು ನನ್ನನ್ನೇ ಇಟ್ಟುಕೊಳ್ಳುತ್ತಿದ್ದೆ. ಆ ದಿನ ಯೆರಿಕೋ ದಾರಿಯಲ್ಲಿ ಬಿದ್ದದ್ದು ನಾವು. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇರಲಿಲ್ಲ, ಆದರೂ ಸ್ವಾಮಿ ಕಥೆಯಲ್ಲಿ ಒಳ್ಳೆಯದು ಮಾಡುವ ಕೆಲಸವನ್ನು ಹೊರಗಿನವನಿಗೇ ಕೊಟ್ಟದ್ದು. "ನನ್ನ ನೆರೆಯವನು ಯಾರು" ಅಂತ ಕೇಳಿದ ಆ ಪಂಡಿತನಿಗೆ ಕೊನೆಗೆ ಸಮಾರ್ಯದವನು ಅಂತ ಬಾಯಿಬಿಟ್ಟು ಹೇಳಲಿಕ್ಕೂ ಆಗಲಿಲ್ಲ, "ದಯೆ ತೋರಿಸಿದವನು" ಅಂದುಬಿಟ್ಟ. ಇನ್ನೊಂದು ನೋಡು, ಗಾಯಕ್ಕೆ ಎಣ್ಣೆ ಹಚ್ಚಿ, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ, ಹೆಚ್ಚಾದರೆ ಹಿಂದೆ ಬರುವಾಗ ಕೊಡುತ್ತೇನೆ ಅಂದ. ಬಿದ್ದವನ ಹತ್ತಿರ ಒಂದು ಮಾತು ಕೇಳಿದ್ದು ಕಥೆಯಲ್ಲಿ ಇಲ್ಲ.

ಹಾಗಾದರೆ ಬಾಯಿ ಮುಚ್ಚಿ ಕೂರುವುದಾ ಅಂತ ನೀನು ಕೇಳುತ್ತಿ. ಇಲ್ಲ. ಪೇತ್ರನ ಮೊದಲ ಪತ್ರ 3:15ರಲ್ಲಿ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಹೇಳಲಿಕ್ಕೆ ಸಿದ್ಧರಾಗಿರಿ ಅಂತ ಉಂಟು, ಅದೂ ಸಾತ್ವಿಕವಾಗಿ, ಗೌರವದಿಂದ. ಕೇಳುವವರಿಗೆ ಅಂತ ಉಂಟು, ಸರಿಯಾಗಿ ಓದು. ನನ್ನನ್ನು ಒಬ್ಬರು ಕೇಳಿದ್ದಾರೆ. ಹಿಂದಿನ ಮನೆಯ ಅಜ್ಜ. ಅವರು ಕಲಿತದ್ದು ಕನ್ನಡ ಮಾತ್ರ, 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ಬರುವ ಕಾಗದವೆಲ್ಲ ಮಲಯಾಳದಲ್ಲಿ. ಪೆನ್ಶನ್ ಮಸ್ಟರಿಂಗ್ ನೋಟಿಸು, ಅಂದರೆ ಬದುಕಿದ್ದೇನೆ ಅಂತ ಬಂದು ತೋರಿಸಿ ಎನ್ನುವ ಕಾಗದ, ಬಂದರೆ ಅದನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಾರೆ, ನಾನು ಓದಿ ಹೇಳಿ, ಸರಕಾರಿ ಕಾಗದದ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ. ಮೂರನೇ ವರ್ಷವೋ ಏನೋ, ಆಟೋದಲ್ಲಿ, "ನಿಮಗೆ ಇದರಿಂದ ಎಂತ ಸಿಗುತ್ತದೆ ಟೀಚರೇ" ಅಂತ ಕೇಳಿದರು. ಆಗ ಹೇಳಿದೆ, ಹೊಸಂಗಡಿ ಬರುವವರೆಗೆ. ಅವರು ಕೇಳಿದರು, ತಲೆ ಆಡಿಸಿದರು, ಅವರ ದೇವರಿಗೆ ಅವರು ಕೈ ಮುಗಿಯುತ್ತಾರೆ. ಅದರಿಂದ ನನ್ನ ಮಾತು ಹಾಳಾಯಿತು ಅಂತ ನನಗೆ ಅನಿಸುವುದಿಲ್ಲ.

ನಮ್ಮ ಹಿರಿಯರ ಕಾಲದಲ್ಲೂ ಹೀಗೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಪ್ರಸಂಗ ಮಾಡಿದರು, ಸರಿ. ಆದರೆ ಜಾತಿಯಿಂದ ಹೊರಬಿದ್ದವರಿಗೆ ಅನ್ನ ಬೇಕಲ್ಲ, ಅದಕ್ಕೆ ನೇಯ್ಗೆ ಶುರುಮಾಡಿದರು, 1865ರಲ್ಲಿ ಹಂಚಿನ ಕಾರ್ಖಾನೆ. ಒಂದು ಪ್ರಸಂಗವನ್ನೂ ಕೇಳದ ಎಷ್ಟೋ ಮನೆಗಳ ಮಾಡಿನ ಮೇಲೆ ಆ ಹಂಚು ಕೂತಿತು, ಮಳೆಗೆ ಯಾರ ಜಾತಿಯನ್ನೂ ಕೇಳಲಿಲ್ಲ.

ಓ, ಗೇಟಿನ ಶಬ್ದ ಆಯಿತು, ಅಜ್ಜನೇ ಇರಬೇಕು. ಐನೂರು ರೂಪಾಯಿ ನಾನೂ ಹಾಕುತ್ತೇನೆ, ಆಯ್ತಾ? ಆದರೆ ಬೆಂಗಳೂರಿನ ನಿನ್ನ ಫ್ಲ್ಯಾಟಿನ ಎದುರು ಬಾಗಿಲಲ್ಲಿ ಒಂದು ಸಂಸಾರ ಉಂಟಲ್ಲ, ಕಳೆದ ಸಲ ನಾನು ಬಂದಾಗ ಮಗು ಇಡೀ ರಾತ್ರಿ ಅಳುತ್ತಿತ್ತು, ಆ ಮನೆ. ಅವರ ಹೆಸರು ಎಂತ ಅಂತ ಕೇಳಿದ್ದಕ್ಕೆ ನೀನು "ಗೊತ್ತಿಲ್ಲ ದೊಡ್ಡಮ್ಮ" ಅಂದಿದ್ದಿ. ಹೋಗಿ ಕೇಳಿ ಈ ಗ್ರೂಪಿನಲ್ಲಿ ಹಾಕು, ನನ್ನ ದುಡ್ಡು ಆ ದಿನವೇ ಬರುತ್ತದೆ.