ಪದಚರ್ಚೆ: ಉಕ್ಕು ‘ಗಡಸಾಗುತ್ತದೆ’ಯೋ, ‘ಜಡ್ಡುಗಟ್ಟುತ್ತದೆ’ಯೋ?

ಗೆಳೆಯರೇ,

ಕಲ್ಪಾಕ್ಕಂನ ಪರಮಾಣು ಸ್ಥಾವರದ ಫಾಸ್ಟ್ ಬ್ರೀಡರ್ ರಿಯಾಕ್ಟರಿನ ಉಕ್ಕಿನ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ‘ಸೈಕ್ಲಿಕ್ ಹಾರ್ಡನಿಂಗ್’ (ಮತ್ತೆ ಮತ್ತೆ ಎಳೆದು ಒತ್ತಿದಂತೆ ಲೋಹ ಗಟ್ಟಿಯಾಗುವುದು) ಎಂಬಲ್ಲಿ ಗಾಡಿ ನಿಂತಿದೆ. ‘ಆವರ್ತ ಗಡಸುಗೊಳ್ಳುವಿಕೆ’ ಅಂತ ಒಮ್ಮೆ ಬರೆದೆ. ಓದಿದರೆ ನನಗೇ ಬೇಸರವಾಯಿತು.

ವಿಷಯ ಇಷ್ಟು. ಅಲ್ಲಿನ ದೊಡ್ಡ ಪಾತ್ರೆ 316ಎಲ್‌ಎನ್ ಎಂಬ ಸ್ಟೇನ್‌ಲೆಸ್ ಸ್ಟೀಲಿನದು. ಒಳಗೆ ಕುದಿಯದ, ಆದರೆ ಸುಡುಸುಡುವ ದ್ರವ ಸೋಡಿಯಂ. ರಿಯಾಕ್ಟರು ಶುರುವಾದಾಗ ಉಕ್ಕು ಹಿಗ್ಗಲು ನೋಡುತ್ತದೆ, ನಿಂತಾಗ ಕುಗ್ಗಲು ನೋಡುತ್ತದೆ. ಇದನ್ನು ಪರೀಕ್ಷಿಸಲು ಒಂದು ಸರಳನ್ನು ಸುಮಾರು 550 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ಪ್ರತಿ ಸಲವೂ ಅಷ್ಟಷ್ಟೇ ಎಳೆದು, ಅಷ್ಟಷ್ಟೇ ಒತ್ತುತ್ತಾರೆ. ಮೊದಲ ಸುತ್ತಿಗಿಂತ ಹತ್ತನೆಯದಕ್ಕೆ ಜಾಸ್ತಿ ಬಲ ಬೇಕಾಗುತ್ತದೆ. ಕಾದ ಲೋಹ ಮೆತ್ತಗಾಗಬೇಕು, ಅಲ್ವಾ? ಇಲ್ಲಿ ಹಾಗಾಗುವುದಿಲ್ಲ. ಲೋಹದ ಹರಳಿನೊಳಗಿನ ಡಿಸ್ಲೊಕೇಶನ್ ಗೆರೆಗಳು (ಪರಮಾಣುಗಳ ಸಾಲು ತಪ್ಪಿದ ಜಾಗಗಳು, ಇವು ಸರಿದಾಡಿದರೇ ಲೋಹ ಬಗ್ಗುವುದು) ಹೆಚ್ಚಿ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಜೊತೆಗೆ ಆ ಬಿಸಿಯಲ್ಲಿ ಬೆರಕೆಯ ಪರಮಾಣುಗಳು ಸರಿದು ಬಂದು ಆ ಗೆರೆಗಳ ಕಾಲು ಹಿಡಿದುಕೊಳ್ಳುತ್ತವೆ.

ಇದಕ್ಕೆ ‘ಗಡಸು’ ಎಂದರೆ ನನ್ನ ಕಣ್ಣ ಮುಂದೆ ಬರುವುದು ಕಮ್ಮಾರ. ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಒಂದೇ ಏಟಿಗೆ ಬರುವ ಗಡಸು ಅದು. ಸುತ್ತು ಸುತ್ತಾಗಿ ಬರುವುದಲ್ಲ. ‘ಪೆಡಸು’ ಎಂದರೆ ಈಗಲೇ ಪಟ್ಟನೆ ಮುರಿಯುತ್ತದೆ ಅನ್ನಿಸುತ್ತದೆ. ‘ಬಿರುಸು’ ಮಳೆಗೂ ಮಾತಿಗೂ ಹೋಗಿಬಿಟ್ಟಿದೆ. ಇನ್ನು ಈ ಎಳೆದು ಒತ್ತುವ ಪರೀಕ್ಷೆಗೆ ‘ಫೆಟೀಗ್’ ಪರೀಕ್ಷೆ ಎಂದೇ ಹೆಸರು. ಆ ‘ಫೆಟೀಗ್’ ಅನ್ನು ‘ದಣಿವು’ ಎಂದರೆ, ‘ಉಕ್ಕು ದಣಿದು ಗಟ್ಟಿಯಾಯಿತು’ ಅಂತ ಬರೆಯಬೇಕು. ದಣಿದವನು ಗಟ್ಟಿಯಾಗುವುದನ್ನು ನಾನಂತೂ ಕಂಡಿಲ್ಲ!

ನನ್ನ ಮನಸ್ಸು ಓಡುತ್ತಿರುವುದು ‘ಜಡ್ಡುಗಟ್ಟು’ ಕಡೆಗೆ. ಗುದ್ದಲಿ ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟುತ್ತದೆ. ಒಂದೇ ಕೆಲಸ ಮತ್ತೆ ಮತ್ತೆ ಆದಾಗ ಬರುವ ಗಟ್ಟಿತನ ಆ ಪದದೊಳಗೇ ಇದೆ, ‘ಆವರ್ತ’ವನ್ನು ಬೇರೆ ಅಂಟಿಸಬೇಕಿಲ್ಲ. ತೊಡಕೂ ಇದೆ. ಜಡ್ಡು ಚರ್ಮದ ಮೇಲಿನದು, ಇದು ಲೋಹದ ಒಳಗಿನದು. ‘ಜಡ್ಡುಗಟ್ಟಿದ ಆಡಳಿತ’ ಓದಿ ಓದಿ ಪದಕ್ಕೆ ಮಂಕು ಬೇರೆ ಹಿಡಿದಿದೆ.

ದೊಡ್ಡ ತೊಡಕು ಇನ್ನೊಂದು. ಅದೇ ರಿಯಾಕ್ಟರಿನ ಸ್ಟೀಮ್ ಜನರೇಟರಿಗೆ 9 ಕ್ರೋಮಿಯಂ–1 ಮಾಲಿಬ್ಡಿನಂ ಜಾತಿಯ ಉಕ್ಕು ಬಳಸಿದ್ದಾರೆ. ಅದರದು ಉಲ್ಟಾ ಸ್ವಭಾವ, ಸುತ್ತು ಕಳೆದಂತೆ ಮೆತ್ತಗಾಗುತ್ತದೆ. ‘ಗಟ್ಟಿ’ಗೆ ‘ಮೆತ್ತಗೆ’ ಜೋಡಿ ಸಿಗುತ್ತದೆ. ‘ಜಡ್ಡುಗಟ್ಟು’ವುದಕ್ಕೆ ಎದುರು ಪದ ಯಾವುದು?

ತಾಮ್ರದ ಕೊಡ ಬಡಿಯುವವರನ್ನು ಹತ್ತಿರದಿಂದ ಬಲ್ಲವರು ಇಲ್ಲಿ ಯಾರಾದರೂ ಇದ್ದೀರಾ? ಬಡಿದಂತೆ ತಾಮ್ರ ಬಗ್ಗದೆ ಹಟ ಹಿಡಿಯುತ್ತದೆ, ಆಗ ಮತ್ತೆ ಕಾಯಿಸಿ ಮೆತ್ತಗೆ ಮಾಡುತ್ತಾರೆ. ಆ ಹಟಕ್ಕೆ ಅವರ ಬಾಯಲ್ಲಿ ಏನನ್ನುತ್ತಾರೆ? ನಿಮ್ಮ ಊರಿನ ಮಾತು ಯಾವುದಿದ್ದರೂ ಹಾಗೇ ಬರೆಯಿರಿ.