ಸರ್ವಧರ್ಮ ಸಂವಾದ: ಯಾರಾದರೂ ಬದಲಾಗುತ್ತಾರಾ?

ನೇರನುಡಿ: ಸರ್ವಧರ್ಮ ಸಭೆಗಳಿಗೆ ಮೂರು ಸಲ ಹೋಗಿದ್ದೇನೆ. ಪ್ರತಿಯೊಬ್ಬರೂ ತಮ್ಮ ಧರ್ಮ ಶಾಂತಿ ಹೇಳುತ್ತದೆ ಎಂದರು, ಕೈ ಹಿಡಿದು ಫೋಟೊ ತೆಗೆಸಿಕೊಂಡರು, ಹೊರಟರು. ಮತಾಂತರ, ಬೇರೆ ಧರ್ಮದವರ ಜೊತೆ ಮದುವೆ, ಇಂಥ ಕಷ್ಟದ ಪ್ರಶ್ನೆ ಒಂದೂ ಬರಲಿಲ್ಲ. ಎಲ್ಲ ಧರ್ಮವೂ ಒಂದೇ ಎನ್ನುವುದಾದರೆ ನಾನು ನನ್ನದರಲ್ಲೇ ಯಾಕೆ ಇರಬೇಕು?

ಹಳೇ ಓದುಗ: ‘ಫೋಟೊ ತೆಗೆಸಿಕೊಂಡರು, ಹೊರಟರು’ ಅಂತ ಸುಲಭಕ್ಕೆ ತಳ್ಳಿಹಾಕಬೇಡಿ. ಜೂಲ್ ಐಸಾಕ್ ಎಂಬ ಯಹೂದಿ ಇತಿಹಾಸಕಾರ ಹೆಂಡತಿ, ಮಗಳನ್ನು ನಾಜಿಗಳ ಕೈಯಲ್ಲಿ ಕಳೆದುಕೊಂಡವರು. 1960ರಲ್ಲಿ ಪೋಪರನ್ನು ನೇರ ಕಂಡು ಯಹೂದಿಗಳ ಮೇಲಿನ ಆರೋಪದ ಬಗ್ಗೆ ಮಾತಾಡಿದರು. 1965ರಲ್ಲಿ ಕ್ಯಾಥೊಲಿಕ್ ಬಿಷಪರ ವ್ಯಾಟಿಕನ್ ಮಹಾಸಭೆಯ ಘೋಷಣೆ ಬಂತು: ಯೇಸುವಿನ ಸಾವಿನ ಹೊಣೆಯನ್ನು ಎಲ್ಲ ಯಹೂದಿಗಳ ತಲೆಗೆ ಕಟ್ಟಬಾರದು. ಪರ 2,221 ಮತ, ವಿರುದ್ಧ 88. ಶತಮಾನಗಳ ಆರೋಪ ಅದು!

ಬೆಳ್ಳಿಮೋಡ: ಆ 88 ಜನರನ್ನೂ ನೋಡಿ. ಅದೇ ವ್ಯಾಟಿಕನ್ 2000ದಲ್ಲಿ, ಮುಕ್ತಿಯ ವಿಷಯದಲ್ಲಿ ಬೇರೆ ಧರ್ಮದವರ ಸ್ಥಿತಿಯಲ್ಲಿ ದೊಡ್ಡ ಕೊರತೆಯಿದೆ ಎಂದು ಬರೆಯಿತು. ಸಹಿಷ್ಣುತೆ ಇದ್ದರೆ ಸಾಕು. ಸಭೆ ಯಾಕೆ?

ಮಿಂಚುಹುಳ: ‘ಸಹಿಷ್ಣುತೆ ಇದ್ದರೆ ಸಾಕು’? ಸಹಿಸಿಕೊಳ್ಳುವುದು ತಲೆನೋವನ್ನು, ಸೊಳ್ಳೆ ಕಾಟವನ್ನು. ಮನುಷ್ಯರನ್ನಲ್ಲ. 1893ರಲ್ಲಿ ಶಿಕಾಗೊದ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಸಹಿಷ್ಣುತೆಯಷ್ಟೇ ಅಲ್ಲ, ಎಲ್ಲ ಧರ್ಮಗಳನ್ನೂ ಸತ್ಯವೆಂದು ಒಪ್ಪುತ್ತೇವೆ ಎಂದರು.

ಬೆಳ್ಳಿಮೋಡ: ‘ಸತ್ಯವೆಂದು ಒಪ್ಪುತ್ತೇವೆ’ ಅನ್ನುವಲ್ಲೇ ತೊಂದರೆ. ಒಬ್ಬರು ದೇವರು ಒಬ್ಬನೇ ಅಂತಾರೆ. ಇನ್ನೊಬ್ಬರು ದೇವರ ಮಾತೇ ಬೇಡ ಅಂತಾರೆ. ಎರಡೂ ಸತ್ಯ ಎಂದು ತಲೆಯಾಡಿಸಿದರೆ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಂಡಿಲ್ಲ ಅಂತಲೇ ಅರ್ಥ. ಎಲ್ಲ ಧರ್ಮಗಳೂ ಸಮ ಎಂದು ಒಪ್ಪಿದಂತಾಗುತ್ತದೆ ಎಂದು ಇಂಗ್ಲೆಂಡಿನ ಚರ್ಚಿನ ಹಿರಿಯ ಧರ್ಮಗುರು, ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಆ ಶಿಕಾಗೊ ಸಭೆಗೆ ಬರಲೊಪ್ಪಲಿಲ್ಲ. ಅದು ಪ್ರಾಮಾಣಿಕತೆ.

ಮಿಂಚುಹುಳ: ಬಾಗಿಲು ಹಾಕಿಕೊಂಡು ಕೂತವರು ಪ್ರಾಮಾಣಿಕರಾ? ‘ನಿನ್ನನ್ನು ಸಹಿಸಿಕೊಂಡಿದ್ದೇನೆ’ ಅಂತ ನಿಮಗೆ ಯಾರಾದರೂ ಹೇಳಿದ್ದಾರಾ? ನನಗೆ ಹೇಳಿದ್ದಾರೆ. ಬಾಡಿಗೆ ಮನೆಯ ಮೆಟ್ಟಿಲ ಮೇಲೆ ನಿಲ್ಲಿಸಿ, ನನ್ನ ಮಗುವಿನ ಮುಂದೆ.

ಬೆಳ್ಳಿಮೋಡ: ನಿಮಗಾದ ನೋವಿಗೆ ಪದವನ್ನು ಯಾಕೆ ಬೈತೀರಿ? ಸಹನೆ ಅಂದರೆ ಒಪ್ಪದಿದ್ದರೂ ಕೈ ಎತ್ತದಿರುವುದು. ಅದಿಲ್ಲದ ಕಡೆ ಮನೆಗಳು ಸುಟ್ಟಿವೆ.

ನೇರನುಡಿ: ನಾನು ಕೇಳಿದ್ದು ಪದದ ಅರ್ಥ ಅಲ್ಲ.

ಮಿಂಚುಹುಳ: ‘ಕೈ ಎತ್ತದಿರುವುದು’! ಇಷ್ಟು ಸಾಕಾ ನಿಮಗೆ? ಇಷ್ಟೇನಾ?

ದಾರಿಹೋಕ: ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದೆ. ಪಕ್ಕದ ಹಾಸಿಗೆಯ ಅಜ್ಜಿ ಬೇರೆ ಧರ್ಮದವರು. ನಸುಕಿನಲ್ಲಿ ಜೋರಾಗಿ ಪ್ರಾರ್ಥನೆ. ಮೊದಲ ದಿನ ಸಹಿಸಿಕೊಂಡೆ. ಮೂರನೇ ದಿನ ದನಿ ಕೇಳಲಿಲ್ಲ. ಗಾಬರಿಯಾಗಿ ಎದ್ದು ಪರದೆ ಸರಿಸಿದೆ. ಬರೀ ತುಟಿ ಅಲುಗುತ್ತಿತ್ತು, ಅಮ್ಮನಿಗೆ ನಿದ್ದೆ ಬಂದಿದೆ ಅಂತ ಸನ್ನೆ ಮಾಡಿದರು. ಆಮೇಲೆ ಆ ಸಾಲುಗಳ ಅರ್ಥ ಕೇಳಿದೆ. ನನ್ನ ನಂಬಿಕೆ ಎಲ್ಲೂ ಹೋಗಲಿಲ್ಲ.

ಬೆಳ್ಳಿಮೋಡ: ‘ಮೊದಲ ದಿನ ಸಹಿಸಿಕೊಂಡೆ.’ ನೀವೇ ಬರೆದಿದ್ದೀರಿ. ಶುರುವಾಗಿದ್ದೇ ಅಲ್ಲಿಂದ.

ಮಿಂಚುಹುಳ: ಅಲ್ಲಿಗೇ ನಿಂತಿದ್ದರೆ ಪರದೆ ಸರಿಸುತ್ತಿದ್ದರಾ?

ಹಳೇ ಓದುಗ: ಐಸಾಕ್ ಬಗ್ಗೆ ಯಾರೂ ಉತ್ತರಿಸಲೇ ಇಲ್ಲ.

ನೇರನುಡಿ: ದಾರಿಹೋಕರೇ, ಆ ಅಜ್ಜಿಯ ಮೊಮ್ಮಗಳು ನಿಮ್ಮ ಮನೆಯ ಹುಡುಗನನ್ನು ಮದುವೆಯಾಗುತ್ತೇನೆ ಎಂದಿದ್ದರೆ? ಅದನ್ನು ಇಬ್ಬರೂ ಕೂತು ಮಾತಾಡುತ್ತಿದ್ದಿರಾ?

ದಾರಿಹೋಕ: ಗೊತ್ತಿಲ್ಲ. ಅಮ್ಮ ಒಪ್ಪುತ್ತಿರಲಿಲ್ಲ. ಅಜ್ಜಿಯೂ ಅಷ್ಟೇ.

ಬೆಳ್ಳಿಮೋಡ: ಅದಕ್ಕೆ ಆಮೇಲೆ ಬರೋಣ. ಮೊದಲು ಮಿಂಚುಹುಳ ಆ ಸೊಳ್ಳೆಯ ಮಾತು ವಾಪಸ್ ತಗೊಳ್ಳಲಿ.