ಮೂರು ಪಿಕ್ ಕೊಟ್ಟು ಒಬ್ಬ ಕ್ವಾರ್ಟರ್‌ಬ್ಯಾಕ್ ತರಬೇಕಾ? ಮನೆ ಗುಂಪಿನಲ್ಲಿ ಒಂದು ರಾತ್ರಿ

(ನಾನು ಇರೋದು ಡೆನ್ವರ್. ಅಕ್ಕ, ಭಾವ ಮಿಷಿಗನ್‌ನ ಟ್ರಾಯ್‌ನಲ್ಲಿ. ಅವರ ಮಗ ಪುಟ್ಟ ಕೆಲಸಕ್ಕೆ ಕಾನ್ಸಾಸ್ ಸಿಟಿಗೆ ಹೋಗಿದ್ದಾನೆ. ತಂಗಿ ಕ್ಲೀವ್‌ಲ್ಯಾಂಡ್‌ನಲ್ಲಿ. ಚಿಕ್ಕಪ್ಪ ಮೈಸೂರು. ಮಾತು ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್ ಬಗ್ಗೆ. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆದು ಟೀಮಿನ ಆಟ ನಡೆಸುವವನು. ಅವರವರ ಊರಿನ ಟೀಮನ್ನೇ ಎಲ್ಲರೂ ‘ನಾವು’ ಅನ್ನೋದು.)

ಪುಟ್ಟ: (ಫಾರ್ವರ್ಡ್) ಒಳ್ಳೆ ಕ್ವಾರ್ಟರ್‌ಬ್ಯಾಕ್ ಸಿಗುವುದಾದರೆ ಮೊದಲ ಸುತ್ತಿನ ಮೂರು ಪಿಕ್ ಕೊಟ್ಟರೂ ನಷ್ಟ ಇಲ್ಲ. ಪಿಕ್ ಅಂದರೆ ಲಾಟರಿ ಚೀಟಿ. ಕ್ವಾರ್ಟರ್‌ಬ್ಯಾಕ್ ಅಂದರೆ ಕೈಯಲ್ಲಿರುವ ಹಣ.

ಪುಟ್ಟ: ಆಫೀಸಿನವರು ಕಳಿಸಿದ್ದು. ನನಗಂತೂ ನೂರಕ್ಕೆ ನೂರು ಸರಿ ಅನ್ನಿಸಿತು. ಮಾಮ ಏನಂತೀರಾ?

ನಾನು: ಸರಿ ಇಲ್ಲ ಪುಟ್ಟ. ಡೆನ್ವರ್‌ನಲ್ಲಿ ಕೂತು ನಾನು ಇದನ್ನು ಒಪ್ಪೋಕೆ ಆಗಲ್ಲ. 2022ರ ಮಾರ್ಚ್‌ನಲ್ಲಿ ನಾವೂ ಹೀಗೇ ಅಂದುಕೊಂಡಿದ್ದೆವು. ರಸಲ್ ವಿಲ್ಸನ್‌ಗೋಸ್ಕರ ಸಿಯಾಟಲ್‌ಗೆ ಮೊದಲ ಸುತ್ತಿನ ಎರಡು ಪಿಕ್, ಎರಡನೇ ಸುತ್ತಿನ ಎರಡು, ಐದನೇ ಸುತ್ತಿನದೊಂದು, ಇದರ ಜೊತೆಗೆ ಮೂರು ಜನ ಆಟಗಾರರನ್ನೂ ಕೊಟ್ಟೆವು. ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಪರ ಒಂದು ಮ್ಯಾಚ್ ಆಡುವ ಮೊದಲೇ ಐದು ವರ್ಷಕ್ಕೆ 245 ಮಿಲಿಯನ್ ಡಾಲರ್ ಬರೆದುಕೊಟ್ಟೆವು. ಆ ವರ್ಷ ಗೆದ್ದದ್ದು 5, ಸೋತದ್ದು 12.

ಭಾವ: ಒಂದು ಉದಾಹರಣೆ ಹಿಡಿದುಕೊಂಡು ಎಲ್ಲವನ್ನೂ ಅಳೆಯಬೇಡ ಮಾರಾಯ. ಸ್ಟ್ಯಾಫರ್ಡ್ ಮರೆತುಬಿಟ್ಟೆಯಾ? 2021ರಲ್ಲಿ ನಮ್ಮ ಡೆಟ್ರಾಯಿಟ್ ಲಯನ್ಸ್‌ನಿಂದ ಲಾಸ್ ಏಂಜಲಿಸ್‌ನ ರ‍್ಯಾಮ್ಸ್ ಕರೆದುಕೊಂಡು ಹೋದರು. ಅವರು ಕೊಟ್ಟದ್ದು ಮೊದಲ ಸುತ್ತಿನ ಎರಡು ಪಿಕ್, ಮೂರನೇ ಸುತ್ತಿನದೊಂದು, ಜೊತೆಗೆ ಅವರ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್. ಅದೇ ಸೀಸನ್‌ನಲ್ಲಿ ಲೀಗ್‌ನ ಫೈನಲ್, ಅಂದರೆ ಸೂಪರ್ ಬೌಲ್ ಗೆದ್ದರು, 23-20. ಕಪ್ ಬಂದಮೇಲೆ ಪಿಕ್ ಲೆಕ್ಕ ಯಾರು ಕೇಳುತ್ತಾರೆ?

ಚಿಕ್ಕಪ್ಪ: ಬೆಳಗ್ಗೆ ಎದ್ದು ನೋಡಿದರೆ ನಿಮ್ಮದು ನಲವತ್ತು ಮೆಸೇಜ್. ಪಿಕ್ ಅಂದರೆ ಏನ್ರೋ? ಐಪಿಎಲ್ ಹರಾಜಿನ ಥರಾನಾ?

ನಾನು: ಇಲ್ಲ ಚಿಕ್ಕಪ್ಪ, ಹರಾಜು ಇಲ್ಲ. ಕಾಲೇಜು ಮುಗಿಸಿ ಬರುವ ಹುಡುಗರನ್ನು 32 ಟೀಮುಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಅಂತಾರೆ, ಒಟ್ಟು ಏಳು ಸುತ್ತು. ಹಿಂದಿನ ವರ್ಷ ಎಲ್ಲರಿಗಿಂತ ಹಿಂದೆ ಬಿದ್ದ ಟೀಮಿಗೆ ಮೊದಲ ಸರದಿ, ಸೂಪರ್ ಬೌಲ್ ಗೆದ್ದವರಿಗೆ ಪ್ರತಿ ಸುತ್ತಿನ ಕೊನೇ ಸರದಿ. ಆ ಸರದಿಯನ್ನೇ ಪಿಕ್ ಅನ್ನೋದು. ಅದನ್ನು ಬೇರೆ ಟೀಮಿಗೆ ಕೊಟ್ಟು ಆಟಗಾರನನ್ನು ತರಬಹುದು. ಮುಂದಿನ ವರ್ಷದ್ದು, ಅದರ ಮುಂದಿನ ವರ್ಷದ್ದೂ ಕೊಡಬಹುದು.

ಚಿಕ್ಕಪ್ಪ: ಅಂದರೆ ಬಿತ್ತನೆ ರಾಗಿ ಮಾರಿ ಎತ್ತು ತಂದ ಹಾಗೆ.

ಭಾವ: ಮಾವ, ಎತ್ತು ಇಲ್ಲದೆ ಬೀಜ ಇಟ್ಟುಕೊಂಡು ಏನು ಮಾಡೋದು? ಉಳೋದು ಹೇಗೆ? ನಾನು ಹೇಳೋದೂ ಅದೇ. ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಇಲ್ಲದಿದ್ದರೆ ಉಳಿದವರು ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ತಂಗಿ: ಭಾವ, ಕ್ಲೀವ್‌ಲ್ಯಾಂಡ್‌ಗೆ ಬಂದು ಈ ಮಾತು ಹೇಳಿ ನೋಡೋಣ. ನಾವು ಡಿಶಾನ್ ವಾಟ್ಸನ್‌ಗೆ ಹ್ಯೂಸ್ಟನ್‌ನವರಿಗೆ ಕೊಟ್ಟದ್ದು ಮೊದಲ ಸುತ್ತಿನ ಮೂರು ಪಿಕ್, 2022, 2023, 2024. ಮೇಲೆ ಇನ್ನೂ ಮೂರು. ಸಂಬಳ 230 ಮಿಲಿಯನ್, ಪೂರ್ತಿ ಗ್ಯಾರಂಟಿ, ಆಡಿದರೂ ಕೊಡಬೇಕು ಆಡದಿದ್ದರೂ ಕೊಡಬೇಕು. ಮೂರು ಸೀಸನ್‌ನಲ್ಲಿ ಅವನು ಆಡಿದ್ದು 19 ಮ್ಯಾಚ್. ಮೊದಲ ವರ್ಷ 11 ಮ್ಯಾಚ್ ಸಸ್ಪೆಂಡ್, ಎರಡನೇ ವರ್ಷ ಭುಜ, ಮೂರನೇ ವರ್ಷ ಹಿಮ್ಮಡಿಯ ಸ್ನಾಯುರಜ್ಜು.

ತಂಗಿ: ಅದೂ ಅಲ್ಲದೆ ಅವನನ್ನು ತರುವಾಗಲೇ ಇಪ್ಪತ್ತಕ್ಕೂ ಜಾಸ್ತಿ ಹೆಂಗಸರು ಅವನ ಮೇಲೆ ಸಿವಿಲ್ ಕೇಸ್ ಹಾಕಿದ್ದರು. ಅವನು ಇಲ್ಲ ಅಂದ. ಕ್ರಿಮಿನಲ್ ಕೇಸ್ ಆಗಲಿಲ್ಲ, ನಿಜ. ಆದರೆ ಲೀಗ್‌ನವರೇ ಸಸ್ಪೆಂಡ್ ಮಾಡಿ 5 ಮಿಲಿಯನ್ ದಂಡ ಹಾಕಿದರು. ನನ್ನ ಮಗಳು ಹತ್ತು ವರ್ಷದಿಂದ ನಮ್ಮ ಬ್ರೌನ್ಸ್ ಟೀಮಿನ ಟೋಪಿ ಹಾಕಿಕೊಂಡು ತಿರುಗುತ್ತಿದ್ದಳು. ಆ ಟ್ರೇಡ್ ಆದ ವಾರ ಟೋಪಿ ತೆಗೆದು ಬೀರುವಿನ ಮೇಲೆ ಇಟ್ಟಳು. ನಾನು ಯಾಕೆ ಅಂತ ಕೇಳಲಿಲ್ಲ. ಪಿಕ್ ಲೆಕ್ಕ ಹಾಕುವಾಗ ಇದನ್ನೂ ಹಾಕಬೇಕಲ್ವಾ?

ಅಕ್ಕ: ಹಾಕಲೇಬೇಕು. ಇದನ್ನು ಯಾರೂ ಮಾತಾಡಲ್ಲ.

ಭಾವ: ಅದನ್ನು ನಾನು ಒಪ್ಪುತ್ತೇನಮ್ಮ. ವಾಟ್ಸನ್ ವಿಷಯದಲ್ಲಿ ನನ್ನದೇನೂ ವಾದ ಇಲ್ಲ.

ಪುಟ್ಟ: ಸರಿ, ವಾಟ್ಸನ್ ಬಿಡಿ. ಮಹೋಮ್ಸ್? 2017ರಲ್ಲಿ ನಮ್ಮ ಚೀಫ್ಸ್ 27ನೇ ಪಿಕ್ ಜೊತೆಗೆ ಮೂರನೇ ಸುತ್ತಿನದೊಂದು, ಮುಂದಿನ ವರ್ಷದ ಮೊದಲ ಸುತ್ತಿನದು ಕೊಟ್ಟು 10ನೇ ಪಿಕ್ ತಗೊಂಡು ಅವನನ್ನು ತಂದರು. ಬಂದದ್ದು ಮೂರು ಸೂಪರ್ ಬೌಲ್! ಇಲ್ಲಿ ನಮ್ಮ ಊರಲ್ಲಿ ಆ ಪಿಕ್ ಹೆಸರು ಹೇಳಿ ಯಾರಾದರೂ ಬೇಜಾರು ಮಾಡಿಕೊಂಡಿದ್ದು ನೋಡಿದ್ದೀರಾ?

ನಾನು: ಅದು ಬೇರೆ ಪುಟ್ಟ. ಅಲ್ಲಿ ಕೊಟ್ಟದ್ದು ಕಡಿಮೆ, ತಂದದ್ದು ಹೊಸ ಹುಡುಗನನ್ನು. ಡ್ರಾಫ್ಟ್‌ನಲ್ಲಿ ಬಂದವನ ಸಂಬಳ ನಾಲ್ಕು ವರ್ಷಕ್ಕೆ ಮೊದಲೇ ಇಷ್ಟು ಅಂತ ಗೊತ್ತಿರುತ್ತೆ, ಮೊದಲ ಸುತ್ತಿನವನಾದರೆ ಬೇಕಿದ್ದಲ್ಲಿ ಐದನೇ ವರ್ಷವೂ ಇಟ್ಟುಕೊಳ್ಳಬಹುದು. ಉಳಿದ ಹಣದಲ್ಲಿ ಟೀಮ್ ಕಟ್ಟಬಹುದು. ಅವನಿಗೆ ಮೊದಲ ವರ್ಷ ಬೆಂಚ್ ಮೇಲೆ ಕೂತು ಕಲಿಯೋಕೆ ಬಿಟ್ಟರು. ಅವನ ಮೊದಲ ಸ್ಟಾರ್ಟ್ (ಶುರುವಿನಿಂದಲೇ ಆಡಿದ ಮ್ಯಾಚ್) ಇಲ್ಲೇ ಡೆನ್ವರ್‌ನಲ್ಲಿ, ಆ ವರ್ಷದ ಡಿಸೆಂಬರ್ 31ಕ್ಕೆ. ನಮ್ಮನ್ನೇ 27-24ಕ್ಕೆ ಸೋಲಿಸಿದ.

ನಾನು: ಆದರೆ ನಿನ್ನ ಫಾರ್ವರ್ಡ್ ಹೇಳುತ್ತಿರೋದು ಅದಲ್ಲ. ಮೂರು ಪಿಕ್, ಆಮೇಲೆ ಇನ್ನೂರು ಮಿಲಿಯನ್ ಮೇಲೆ ಸಂಬಳ. ಎರಡೂ ಒಟ್ಟಿಗೆ. ಅಲ್ಲೇ ಕತ್ತು ಸಿಕ್ಕಿಹಾಕಿಕೊಳ್ಳೋದು. 2025ರಲ್ಲಿ ಒಂದು ಟೀಮ್ ಇಡೀ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ 279.2 ಮಿಲಿಯನ್. ಅದರಲ್ಲಿ ದೊಡ್ಡ ಪಾಲು ಒಬ್ಬನಿಗೆ ಹೋದರೆ ಉಳಿದ ಐವತ್ತು ಜನಕ್ಕೆ ಕಡಿಮೆ ಸಂಬಳದ ಹುಡುಗರು ಬೇಕು. ಆ ಹುಡುಗರು ಬರೋದು ಎಲ್ಲಿಂದ? ಡ್ರಾಫ್ಟ್‌ನಿಂದ. ಆ ಸರದಿಯನ್ನೇ ಕೊಟ್ಟು ಕೂತಿದ್ದೀಯ!

ಭಾವ: ಇದು ಒಳ್ಳೆ ಮಾತು. ಆದರೂ ರ‍್ಯಾಮ್ಸ್ ಹೇಗೆ ಗೆದ್ದರು ಹಾಗಾದರೆ?

ನಾನು: ಟೀಮ್ ಮೊದಲೇ ಸಿದ್ಧ ಇತ್ತು ಭಾವ. ಆ್ಯರನ್ ಡೊನಾಲ್ಡ್ ಇದ್ದ, ಜೇಲನ್ ರಾಮ್ಸಿ ಇದ್ದ, ಕೂಪರ್ ಕಪ್ ಇದ್ದ. ಬೇಕಾಗಿದ್ದದ್ದು ಒಬ್ಬನೇ. ನಾವು ಡೆನ್ವರ್‌ನಲ್ಲಿ ಒಬ್ಬ ಬಂದರೆ ಎಲ್ಲ ಸರಿಹೋಗುತ್ತೆ ಅಂದುಕೊಂಡೆವು. ಕೋಚ್ ಹೊಸಬ, ಹೆಡ್ ಕೋಚ್ ಆಗಿ ಅದೇ ಮೊದಲ ವರ್ಷ.

ನಾನು: ಮೊದಲ ಮ್ಯಾಚ್ ನೆನಪಿದೆಯಾ? ಸೋಮವಾರ ರಾತ್ರಿ, ಸಿಯಾಟಲ್‌ನಲ್ಲೇ. ನಮ್ಮ ಮನೆಯಲ್ಲಿ ಎಂಟು ಜನ, ಪುಳಿಯೋಗರೆ ತಟ್ಟೆ ಕೈಯಲ್ಲೇ ಇದೆ, ಯಾರೂ ತಿನ್ನುತ್ತಿಲ್ಲ. 17-16, ನಾವು ಒಂದು ಪಾಯಿಂಟ್ ಹಿಂದೆ. ನಾಲ್ಕನೇ ಡೌನ್, ಅಂದರೆ ಕೊನೇ ಪ್ರಯತ್ನ, ಬೇಕಾಗಿರೋದು ಐದು ಗಜ. ಕೈಯಲ್ಲಿ ಮೂರು ಟೈಮ್‌ಔಟ್. ಗಡಿಯಾರ ಓಡುತ್ತಾ ಇದೆ, ಓಡುತ್ತಾ ಇದೆ, ಯಾರೂ ನಿಲ್ಲಿಸುತ್ತಿಲ್ಲ. 20 ಸೆಕೆಂಡ್ ಉಳಿದಾಗ ಟೈಮ್‌ಔಟ್ ತೆಗೆದುಕೊಂಡು 64 ಗಜದ ಕಿಕ್‌ಗೆ ಹೋದರು. ಇಷ್ಟೆಲ್ಲಾ ಕೊಟ್ಟು ತಂದವನು ಪಕ್ಕಕ್ಕೆ ಬಂದು ನಿಂತು ನೋಡಿದ. ಚೆಂಡು ಎಡಕ್ಕೆ ಹೋಯಿತು.

ನಾನು: ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಸ್ಟೇಡಿಯಂಗೆ ಹೋಗಿದ್ದೆ. ಟೀಮ್ ಸಮಯಕ್ಕೆ ಸರಿಯಾಗಿ ಆಟ ಶುರುಮಾಡುತ್ತಿಲ್ಲ ಅಂತ ಜನರೇ ಗಟ್ಟಿಯಾಗಿ ಪ್ಲೇ ಕ್ಲಾಕ್‌ನಲ್ಲಿ ಉಳಿದ ಸೆಕೆಂಡ್ ಎಣಿಸೋಕೆ ಶುರುಮಾಡಿದರು. ಐದು, ನಾಲ್ಕು, ಮೂರು, ಎರಡು. ನಮ್ಮದೇ ಮೈದಾನದಲ್ಲಿ ನಮ್ಮದೇ ಟೀಮಿಗೆ! ಅವತ್ತು ಗೆದ್ದೆವು, 16-9. ಆದರೆ ಮಗಳು ಕಾರಿನಲ್ಲಿ ಕೇಳಿದಳು, ಅಪ್ಪ ನಾವು ಗೆದ್ದೆವಲ್ಲ, ಯಾರೂ ಯಾಕೆ ಖುಷಿಯಾಗಿಲ್ಲ ಅಂತ. ನನಗೆ ಉತ್ತರ ಹೊಳೆಯಲಿಲ್ಲ.

ತಂಗಿ: ಅಯ್ಯೋ ಅಣ್ಣ.

ಭಾವ: ಕೋಚ್ ತಪ್ಪನ್ನು ಟ್ರೇಡ್ ಮೇಲೆ ಹಾಕುತ್ತಿದ್ದೀಯಲ್ಲ.

ನಾನು: ಹಾಕುತ್ತೇನೆ ಭಾವ, ಯಾಕೆ ಅಂತ ಕೇಳಿ. ಪಿಕ್ ಕೊಡುವಾಗ ಅದರ ಬೆಲೆ ನಮಗೇ ಗೊತ್ತಿರಲ್ಲ. ಇದು ನನ್ನ ಮುಖ್ಯ ಮಾತು. ಮುಂದಿನ ವರ್ಷದ ಪಿಕ್ ಕೊಟ್ಟೆ ಅಂದರೆ ನಾನು ಗೆದ್ದೇ ಗೆಲ್ಲುತ್ತೇನೆ ಅಂತ ಬರೆದುಕೊಟ್ಟ ಹಾಗೆ. ಸೋತರೆ ಅದೇ ಪಿಕ್ ಬಂಗಾರ ಆಗುತ್ತೆ, ಅದು ಇನ್ನೊಬ್ಬರ ಮನೆಯಲ್ಲಿ. ನಾವು 5-12 ಆದದ್ದಕ್ಕೆ 2023ರಲ್ಲಿ ನಮ್ಮ ಪಿಕ್ 5ನೆಯದಾಯಿತು. ಸಿಯಾಟಲ್‌ನವರು ಡೆವನ್ ವಿದರ್‌ಸ್ಪೂನ್‌ನನ್ನು ಆರಿಸಿಕೊಂಡರು. ಕ್ಯಾರೊಲೈನಾದವರು ಬ್ರೈಸ್ ಯಂಗ್‌ಗೋಸ್ಕರ ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ ಕೂಡ ಶಿಕಾಗೋಗೆ ಕೊಟ್ಟರು. ಆ ಸೀಸನ್‌ನಲ್ಲಿ ಗೆದ್ದದ್ದು ಎರಡೇ ಮ್ಯಾಚ್. ಅವರ ಪಿಕ್ ಇಡೀ ಡ್ರಾಫ್ಟ್‌ಗೇ ಮೊದಲನೆಯದಾಯಿತು, ಕ್ವಾರ್ಟರ್‌ಬ್ಯಾಕ್ ಕ್ಯಾಲೆಬ್ ವಿಲಿಯಮ್ಸ್ ಶಿಕಾಗೋಗೆ ಹೋದ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ ಅನ್ನೋದು ಇದಕ್ಕೇ.

ನಾನು: ನಿಮ್ಮ ಸ್ಟ್ಯಾಫರ್ಡ್ ಟ್ರೇಡ್‌ನಲ್ಲೇ ನೋಡಿ. ಗೆದ್ದ ವರ್ಷದ ಪಿಕ್ 32ನೆಯದು. ಮುಂದಿನ ವರ್ಷ ರ‍್ಯಾಮ್ಸ್ ಕೂಡ 5-12 ಆದರು, ಆ ಪಿಕ್ 6ನೆಯದು! ಅದೇ ಕೈ, ಅದೇ ಒಪ್ಪಂದ, ಎರಡು ಬೆಲೆ.

ಭಾವ: ಆ 6ನೆಯದನ್ನು ನಾವು ಅರಿಜೋನಾಗೆ ಕೊಟ್ಟು 12 ಮತ್ತು 34 ತಗೊಂಡೆವು. 12ರಲ್ಲಿ ಗಿಬ್ಸ್, 34ರಲ್ಲಿ ಲಾಪೋರ್ಟಾ. ನೀನು ಹೇಳಿದಮೇಲೆ ಯೋಚನೆ ಬರುತ್ತಿದೆ, ನಾನು ಇಷ್ಟು ವರ್ಷ ಖುಷಿಪಟ್ಟದ್ದು ಪಿಕ್ ಕೊಟ್ಟವರ ಪರವಾಗಿ ಅಲ್ಲ, ತಗೊಂಡವರ ಪರವಾಗಿ.

ಅಕ್ಕ: 2024ರ ಜನವರಿ ನೆನಪಿದೆಯಾ? ಸ್ಟ್ಯಾಫರ್ಡ್ ವಾಪಸ್ ಡೆಟ್ರಾಯಿಟ್‌ಗೆ ಬಂದಿದ್ದ, ರ‍್ಯಾಮ್ಸ್ ಪರ ಆಡೋಕೆ. ಹನ್ನೆರಡು ವರ್ಷ ನಮಗೋಸ್ಕರ ಆಡಿದವನು. ಸ್ಟೇಡಿಯಂ ಪೂರ್ತಿ ಗಾಫ್ ಹೆಸರು ಕೂಗುತ್ತಿತ್ತು. ರ‍್ಯಾಮ್ಸ್‌ನವರು ಬೇಡ ಅಂತ ಪಿಕ್ ಜೊತೆ ತಳ್ಳಿ ಕಳಿಸಿದ್ದ ಹುಡುಗ. 24-23. 32 ವರ್ಷದ ಮೇಲೆ ಮೊದಲ ಪ್ಲೇಆಫ್ ಗೆಲುವು. ಇವರು ಸೋಫಾ ಮೇಲೆ ಕೂತು ಅತ್ತರು, ನಾನು ನೋಡಿದ್ದೇನೆ.

ಭಾವ: ಹೌದು, ಅತ್ತುಬಿಟ್ಟೆ. ಮೂವತ್ತು ವರ್ಷ ಕಾದಿದ್ದೆ.

ತಂಗಿ: ನಾವು ವಾಟ್ಸನ್ ತಂದು, ಕೊನೆಗೆ 2023ರಲ್ಲಿ ಪ್ಲೇಆಫ್‌ಗೆ ಹೋಗಿದ್ದು 38 ವರ್ಷದ ಕ್ವಾರ್ಟರ್‌ಬ್ಯಾಕ್ ಜೋ ಫ್ಲ್ಯಾಕೊ ಜೊತೆ. ನವೆಂಬರ್ ತನಕ ಮನೆಯಲ್ಲಿ ಇದ್ದ ಮನುಷ್ಯ. ಒಂದು ಪಿಕ್ ಕೂಡ ಕೊಡಲಿಲ್ಲ. ಪ್ಲೇಆಫ್‌ನಲ್ಲಿ ಸೋತದ್ದು ಯಾರ ಹತ್ತಿರ? ಹ್ಯೂಸ್ಟನ್ ಹತ್ತಿರ, 45-14. ಅವರ ವಿಲ್ ಆ್ಯಂಡರ್ಸನ್‌ನನ್ನು ತರೋಕೆ ಬಳಸಿದ್ದರಲ್ಲಿ ನಾವು ಕೊಟ್ಟ ಪಿಕ್ ಕೂಡ ಇತ್ತು. ಅದನ್ನು ನೋಡುತ್ತಾ ಕೂತಿರೋದು ಎಷ್ಟು ಕಷ್ಟ ಗೊತ್ತಾ?

ಪುಟ್ಟ: ನೀವೆಲ್ಲ ಕೆಟ್ಟದ್ದನ್ನೇ ಹೇಳುತ್ತಿದ್ದೀರಿ. ಪಿಕ್ ಇಟ್ಟುಕೊಂಡರೆ ಎಲ್ಲ ಒಳ್ಳೆಯವರೇ ಸಿಗುತ್ತಾರಾ? ಮೊದಲ ಸುತ್ತಿನಲ್ಲಿ ಬಂದವರೇ ಎಷ್ಟು ಜನ ಮೂರು ವರ್ಷಕ್ಕೆ ಕಾಣೆಯಾಗಲ್ಲ? ಬೀಜ ಅಂದಿರಿ, ಎಲ್ಲ ಬೀಜ ಮೊಳಕೆ ಬರುತ್ತಾ ತಾತ?

ಚಿಕ್ಕಪ್ಪ: ಬರಲ್ಲ ಕಂದ. ಅದಕ್ಕೇ ಜಾಸ್ತಿ ಬಿತ್ತೋದು.

ನಾನು: ಚಿಕ್ಕಪ್ಪ ಸರಿಯಾಗಿ ಹೇಳಿದರು. ಒಬ್ಬೊಬ್ಬ ಹುಡುಗ ಏನಾಗುತ್ತಾನೆ ಅಂತ ಯಾರಿಗೂ ಗೊತ್ತಿಲ್ಲ. ಅಷ್ಟು ದೊಡ್ಡ ಹೆಸರಿನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 2000ದಲ್ಲಿ ಬಂದದ್ದು ಆರನೇ ಸುತ್ತಿನಲ್ಲಿ, 199ನೇ ಪಿಕ್. ಗೊತ್ತಿಲ್ಲದ ಕಡೆ ಸರದಿ ಜಾಸ್ತಿ ಇದ್ದವನಿಗೇ ಅನುಕೂಲ. ವಾಷಿಂಗ್ಟನ್‌ನವರು 2012ರಲ್ಲಿ ರಾಬರ್ಟ್ ಗ್ರಿಫಿನ್, ಅಂದರೆ ಆರ್‌ಜಿ3 ಅನ್ನುವ ಕ್ವಾರ್ಟರ್‌ಬ್ಯಾಕ್‌ಗೋಸ್ಕರ ರ‍್ಯಾಮ್ಸ್‌ಗೆ ಮೊದಲ ಸುತ್ತಿನ ಮೂರು, ಎರಡನೇ ಸುತ್ತಿನದೊಂದು ಕೊಟ್ಟರು. ಮೊದಲ ವರ್ಷ ಆಟ ನೋಡಬೇಕಿತ್ತು, ಆಮೇಲೆ ಮೊಣಕಾಲು ಹೋಯಿತು. 2014ರಲ್ಲಿ ರ‍್ಯಾಮ್ಸ್ ಅವರ ಊರಿಗೇ ಆಡೋಕೆ ಹೋದಾಗ ಟಾಸ್‌ಗೆ ಆರು ಜನರನ್ನು ಕ್ಯಾಪ್ಟನ್ ಅಂತ ಕಳಿಸಿದರು. ಆರೂ ಜನ ಆ ಟ್ರೇಡ್‌ನಿಂದ ಸಿಕ್ಕವರು. ರ‍್ಯಾಮ್ಸ್ ಗೆದ್ದರು, 24-0. ಅದೇ 2012ರ ಡ್ರಾಫ್ಟ್‌ನಲ್ಲಿ ವಾಷಿಂಗ್ಟನ್‌ಗೆ ಕರ್ಕ್ ಕಸಿನ್ಸ್ ಸಿಕ್ಕಿದ್ದ, ನಾಲ್ಕನೇ ಸುತ್ತಿನಲ್ಲಿ. ಆರ್‌ಜಿ3 ಜಾಗಕ್ಕೆ ಕೊನೆಗೆ ಬಂದವನು ಅವನೇ.

ಪುಟ್ಟ: ಹಾಗಾದರೆ ಯಾವತ್ತೂ ಕೊಡಬಾರದಾ ಮಾಮ?

ನಾನು: ಹಾಗೆ ಹೇಳುತ್ತಿಲ್ಲ. ಟೀಮ್ ಸಿದ್ಧ ಇದ್ದು, ಬರುವವನ ಮೈ ಗಟ್ಟಿ ಇದ್ದು, ನಡತೆ ಬಗ್ಗೆ ಮನೆಯಲ್ಲಿ ಮಕ್ಕಳಿಗೆ ವಿವರಣೆ ಕೊಡಬೇಕಾದ ಪರಿಸ್ಥಿತಿ ಇಲ್ಲದಿದ್ದರೆ ಎರಡು ಕೊಡು. ಮೂರನೆಯದು ಬೇಡ. ಒಂದು ಸೀಸನ್ ಆಡಿಸಿ ನೋಡುವ ತನಕ ಹೊಸ ಕಾಂಟ್ರ್ಯಾಕ್ಟ್ ಅಂತೂ ಬೇಡವೇ ಬೇಡ. ನಾವು ವಿಲ್ಸನ್‌ನನ್ನು 2024ರಲ್ಲಿ ಬಿಟ್ಟಾಗ ಅವನು ಆಡದೇ ಇದ್ದರೂ ನಮ್ಮ ಲೆಕ್ಕದಲ್ಲಿ ಎರಡು ವರ್ಷಕ್ಕೆ 85 ಮಿಲಿಯನ್ ಕೂತಿತ್ತು. ಆ ವರ್ಷ ನಮ್ಮ ಸ್ವಂತ 12ನೇ ಪಿಕ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್ ಬಂದ, ಯಾರಿಗೂ ಏನೂ ಕೊಡದೆ, ಮೊದಲ ಸೀಸನ್‌ನಲ್ಲೇ ಪ್ಲೇಆಫ್‌ಗೆ ಕರೆದುಕೊಂಡು ಹೋದ. ಸೂಪರ್ ಬೌಲ್ 50 ಗೆದ್ದಮೇಲೆ ಅದೇ ಮೊದಲು. ಮಗಳು ಸ್ಟೇಡಿಯಂಗೆ ಹೋಗೋಣ ಅಂತ ಮತ್ತೆ ಕೇಳೋಕೆ ಶುರುಮಾಡಿದ್ದು ಆವಾಗ.

ಭಾವ: ಎರಡಕ್ಕೆ ನಾನೂ ಒಪ್ಪಿದೆ. ಆದರೆ ಸ್ಟ್ಯಾಫರ್ಡ್ ಥರದವನು ಸಿಕ್ಕರೆ ಮೂರನೆಯದಕ್ಕೂ ನಾನು ಹಿಂದೆ ಮುಂದೆ ನೋಡಲ್ಲ. ಅಷ್ಟು ಮಾತ್ರ ಬಿಟ್ಟುಕೊಡಲ್ಲ.

ಪುಟ್ಟ: ಸ್ಯಾನ್ ಫ್ರಾನ್ಸಿಸ್ಕೋದವರದು ಯಾರೂ ಹೇಳಲಿಲ್ಲ. 2021ರಲ್ಲಿ ಮೊದಲ ಸುತ್ತಿನ ಮೂರು ಕೊಟ್ಟು 3ನೇ ಪಿಕ್‌ಗೆ ಹೋದರು, ಟ್ರೇ ಲ್ಯಾನ್ಸ್‌ಗೆ. ನಾಲ್ಕು ಸ್ಟಾರ್ಟ್ ಅಷ್ಟೇ, ಕಾಲು ಮುರಿಯಿತು. ಮುಂದಿನ ಡ್ರಾಫ್ಟ್‌ನ ಕಟ್ಟಕಡೆಯ ಪಿಕ್, 262ನೆಯದು, ಬ್ರಾಕ್ ಪರ್ಡಿ, ಅವನು ಬಂದು ಸೂಪರ್ ಬೌಲ್‌ಗೆ ಕರೆದುಕೊಂಡು ಹೋದ. ಇದು ನನ್ನ ವಾದಕ್ಕೆ ವಿರುದ್ಧ ಅಂತ ಗೊತ್ತು, ಆದರೂ ಹೇಳುತ್ತಿದ್ದೇನೆ.

ತಂಗಿ: ಲ್ಯಾನ್ಸ್‌ನ ಆಮೇಲೆ ನಾಲ್ಕನೇ ಸುತ್ತಿನ ಒಂದು ಪಿಕ್‌ಗೆ ಡಲ್ಲಾಸ್‌ಗೆ ಕೊಟ್ಟುಬಿಟ್ಟರು.

ಚಿಕ್ಕಪ್ಪ: ಆ ಹುಡುಗನಿಗೆ ಎಷ್ಟು ವಯಸ್ಸಿತ್ತು, ಮೂರು ಸರದಿ ಕೊಟ್ಟು ತಂದಾಗ?

ನಾನು: ಇಪ್ಪತ್ತು ಚಿಕ್ಕಪ್ಪ. ಹಿಂದಿನ ವರ್ಷ ಕೊರೊನಾ ಬಂದು ಕಾಲೇಜಿನಲ್ಲಿ ಆಡಿದ್ದು ಒಂದೇ ಒಂದು ಮ್ಯಾಚ್.

ಚಿಕ್ಕಪ್ಪ: ಇಪ್ಪತ್ತು ವರ್ಷದ ಮಗುವಿನ ತಲೆ ಮೇಲೆ ಇಷ್ಟು ಭಾರನಾ?